ಹರಾಜಿನ ದಿನದವರೆಗೂ ಟೈಮ್ ಇದೆ ಅಂದುಕೊಳ್ಳಬೇಡ

ಚಿ. ಪುಟ್ಟನಿಗೆ ಮಾವನ ಆಶೀರ್ವಾದಗಳು.

ಮನೆ ಮೇಲಿನ ಸಾಲದ ಬಗ್ಗೆ ಬ್ಯಾಂಕಿನಿಂದ ಬಂದ ರಿಜಿಸ್ಟರ್ಡ್ ಕವರನ್ನು ನೀನು ಒಡೆಯದೆ ಫ್ರಿಜ್ ಮೇಲೆ ಇಟ್ಟಿದ್ದೀಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿ ಅತ್ತಳು. ಮೊದಲು ಅದನ್ನು ಒಡೆದು ಓದು. 13(2) ಅಂತ ಬರೆದಿದ್ದರೆ ಅದು ಸರ್ಫೇಸಿ ಕಾಯ್ದೆಯ ನೋಟಿಸು, ಅಂದರೆ ಸಾಲ ಕಟ್ಟದಿದ್ದರೆ ಅಡವಿಟ್ಟ ಮನೆಯನ್ನು ಬ್ಯಾಂಕೇ ವಶಕ್ಕೆ ತಗೊಂಡು ಮಾರಲು ಬಿಡುವ ಕಾಯ್ದೆ. ಹಣ ಕಟ್ಟಲು ನೋಟಿಸಿನ ತಾರೀಖಿನಿಂದ ನಿನಗೆ 60 ದಿನ ಇದೆ. ಕವರ್ ಒಡೆಯದಿದ್ದರೂ ಆ ದಿನಗಳು ಓಡುತ್ತಲೇ ಇರುತ್ತವೆ.

ಒಳಗಿನ ಮೊತ್ತ ನೋಡಿ ಎದೆ ಧಸಕ್ ಅನ್ನಬಹುದು. ಕಟ್ಟದೆ ಉಳಿದಿರುವುದು ನಾಲ್ಕು ಕಂತು, ಕೇಳಿರುವುದು ಪೂರ್ತಿ ಸಾಲ. ಕಂತು 90 ದಿನ ದಾಟಿದರೆ ಖಾತೆ ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಗುತ್ತದೆ, ಆಮೇಲೆ ಬ್ಯಾಂಕು ಪೂರ್ತಿ ಸಾಲವನ್ನೇ ಕೇಳಬಹುದು. ಆದರೆ ಬಾಕಿಯನ್ನೆಲ್ಲ ಬಡ್ಡಿ ಸಮೇತ ಕಟ್ಟಿದರೆ ಖಾತೆಯನ್ನು ಮತ್ತೆ ಸರಿದಾರಿಗೆ ತರಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಜಾಗ ಇದೆ. ಎಲ್ಲ ಬಾಕಿಯೂ ತೀರಬೇಕು, ಅದನ್ನು ಮರೆಯಬೇಡ. ಒಂದು ಕಂತು ಕಟ್ಟಿ 'ಈಗ ಸರಿಹೋಯ್ತು' ಅಂತ ಕೂತವರ ಫೈಲುಗಳು ನನ್ನ ಮೇಜಿನ ಮೇಲೆ ಬೇಕಾದಷ್ಟು ಬಂದಿವೆ.

ಕೆಲಸ ಹೋದದ್ದನ್ನು, ಎಷ್ಟು ಹಣ ಯಾವಾಗ ಕಟ್ಟಬಲ್ಲೆ ಅನ್ನುವುದನ್ನು ಕಾಗದದಲ್ಲಿ ಬರೆದು ಬ್ಯಾಂಕಿಗೆ ಕೊಡು. ಬಾಯಿಮಾತಿನಲ್ಲಿ ಬೇಡ. ಕಾಪಿಯ ಮೇಲೆ ಸೀಲು ಹಾಕಿಸಿಕೋ. ಆಕ್ಷೇಪಣೆ ಬರೆದುಕೊಟ್ಟರೆ, ಒಪ್ಪದಿದ್ದ ಪಕ್ಷದಲ್ಲಿ ಅವರು 15 ದಿನದೊಳಗೆ ಕಾರಣ ಕೊಟ್ಟು ಉತ್ತರಿಸಬೇಕು. ಕಂತು ಇಳಿಸಿ ಅವಧಿ ಹೆಚ್ಚಿಸಿ ಅಂತಲೂ ಕೇಳು. ಕೊಡಲೇಬೇಕೆಂಬ ನಿಯಮವಿಲ್ಲ, ಆದರೆ ಮನೆ ಮಾರುವ ಗೋಜು ಬ್ಯಾಂಕಿಗೂ ಬೇಡ.

60 ದಿನ ಕಳೆದರೆ ಗೇಟಿಗೆ ಸ್ವಾಧೀನದ ನೋಟಿಸು ಅಂಟಿಸುತ್ತಾರೆ. ಎರಡು ಪತ್ರಿಕೆಯಲ್ಲಿ ಹಾಕಿಸುತ್ತಾರೆ, ಒಂದು ಕನ್ನಡದ್ದು. ನಿನ್ನ ಹೆಸರು, ಸೈಟ್ ನಂಬರು, ನಾಲ್ಕು ದಿಕ್ಕಿನ ಚೆಕ್ಕುಬಂದಿ ಎಲ್ಲ ಸಣ್ಣಕ್ಷರದಲ್ಲಿ ಇರುತ್ತದೆ. ಅವತ್ತೇ ಯಾರೂ ನಿನ್ನನ್ನು ಹೊರಗೆ ಹಾಕುವುದಿಲ್ಲ. ನೀನಾಗಿ ಬಿಟ್ಟುಕೊಡದಿದ್ದರೆ, ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾಧಿಕಾರಿಯ ಆದೇಶ ತಂದೇ ಬೀಗ ಹಾಕುತ್ತಾರೆ.

ಈಗ ಮುಖ್ಯ ವಿಷಯ. ಹರಾಜಿನ ಹಿಂದಿನ ದಿನ ಹಣ ತಂದು ಸುರಿದರೂ ಮನೆ ಉಳಿಯುತ್ತದೆ ಅಂತ ಊರಲ್ಲೆಲ್ಲ ಹೇಳುತ್ತಾರೆ. ಮೊದಲು ಹಾಗೇ ಇತ್ತು. 2016ರ ತಿದ್ದುಪಡಿ ಅದನ್ನು ಬದಲಾಯಿಸಿತು. ಈಗ ಹರಾಜಿನ ನೋಟಿಸು ಪ್ರಕಟವಾಗುವುದಕ್ಕೆ ಮುಂಚೆಯೇ ಪೂರ್ತಿ ಬಾಕಿ, ಖರ್ಚು ಎಲ್ಲ ಕಟ್ಟಿರಬೇಕು. ಪತ್ರಿಕೆಯಲ್ಲಿ ಬಂತೋ, ಮನೆ ಬಿಡಿಸಿಕೊಳ್ಳುವ ಹಕ್ಕು ಹೋಯ್ತು. 2023ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿತು. ಆ ಕೇಸಿನಲ್ಲಿ ಸಾಲಗಾರರು ಹರಾಜು ಮುಗಿದ ಮೇಲೆ ಹಣ ತಂದಿದ್ದರು, ಹೈಕೋರ್ಟು ಒಪ್ಪಿತ್ತು, ಸುಪ್ರೀಂ ಕೋರ್ಟು ಒಪ್ಪಲಿಲ್ಲ.

ಮುಂದಿನ ಎರಡು ತಿಂಗಳಲ್ಲಿ ಕೆಲಸ ಸಿಗುವ ಸೂಚನೆ ಇಲ್ಲದಿದ್ದರೆ, ಕಹಿ ಅನ್ನಿಸಿದರೂ ಹೇಳುತ್ತೇನೆ, ನೀನೇ ಮನೆ ಮಾರು. ಹರಾಜಿಗೆ ಬರುವವರು ಅಗ್ಗಕ್ಕೆ ಹೊಡೆಯಲೆಂದೇ ಬಂದಿರುತ್ತಾರೆ. ಸಾಲ ತೀರಿ ಮಿಕ್ಕಿದ್ದು ನಿನಗೆ ಬರುತ್ತದೆ ನಿಜ, ಆದರೆ ಹರಾಜಿನ ಹಣ ಸಾಕಾಗದಿದ್ದರೆ ಉಳಿದದ್ದನ್ನೂ ನಿನ್ನಿಂದಲೇ ವಸೂಲಿ ಮಾಡಬಹುದು. ನೋಟಿಸು ಬಂದಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ, ಅದನ್ನು ಮೊದಲು ತಗೋ. ಕೊಳ್ಳುವವರ ಡಿಡಿ ನೇರ ನಿನ್ನ ಸಾಲದ ಖಾತೆಗೇ ಹೋಗಲಿ.

ಬ್ಯಾಂಕು ಕ್ರಮ ತಪ್ಪಿದ್ದರೆ, ಅಂದರೆ ನೋಟಿಸನ್ನೇ ಕೊಡದಿದ್ದರೆ ಅಥವಾ ಲೆಕ್ಕ ತಪ್ಪಾಗಿದ್ದರೆ, ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಸ್ವಾಧೀನದ ನೋಟಿಸು ಬಂದ 45 ದಿನದೊಳಗೆ ಅರ್ಜಿ ಹಾಕಬೇಕು. ಸಿವಿಲ್ ಕೋರ್ಟಿನಲ್ಲಿ ಸ್ಟೇ ತರಿಸುತ್ತೇನೆ ಅನ್ನುವ ವಕೀಲರಿಗೆ ದೂರದಿಂದಲೇ ಕೈಮುಗಿ, ಈ ವ್ಯವಹಾರದಲ್ಲಿ ಆ ಕೋರ್ಟಿಗೆ ಅಧಿಕಾರವೇ ಇಲ್ಲ. ಮೀಟರ್ ಬಡ್ಡಿಯವರ ಹತ್ತಿರ ಹೋದೀಯ ಜೋಕೆ! ಈ ಗುಂಡಿ ಮುಚ್ಚಲು ಇನ್ನೊಂದು ಗುಂಡಿ ತೋಡಿದ ಹಾಗಾಗುತ್ತದೆ, ಅದೂ ಜಾಸ್ತಿ ಆಳದ್ದು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ಟೈಮು, ನಂಬರು ಬರೆದಿಟ್ಟುಕೊಂಡು ಬ್ಯಾಂಕಿಗೆ ದೂರು ಕೊಡು.

ಇನ್ನೊಂದು. ನಿನ್ನ ಹೆಂಡತಿಗೆ ವಿಷಯ ಗೊತ್ತಿಲ್ಲ ಅಂತ ಕೇಳಿದೆ. ಸಾಲದ ಪತ್ರಕ್ಕೆ ಅವಳೂ ಸಹಿ ಹಾಕಿದ್ದಾಳೆ ಅಲ್ವಾ? ಹಾಗಾದರೆ ಅವಳ ಹೆಸರಿಗೂ ಒಂದು ಕವರ್ ಬರುತ್ತದೆ. ಅದು ಅವಳ ಕೈಸೇರುವ ಮುಂಚೆ ನೀನೇ ಹೇಳು. ಆಮೇಲೆ ಇಬ್ಬರೂ ಸೇರಿ ಬ್ಯಾಂಕಿಗೆ ಹೋಗಿ. ಹೋಗುವ ಹಿಂದಿನ ರಾತ್ರಿ ನನಗೆ ಫೋನ್ ಮಾಡು, ಪತ್ರ ಹೇಗೆ ಬರೆಯಬೇಕು ಅಂತ ಹೇಳಿಕೊಡುತ್ತೇನೆ.

ನಿನ್ನ ಮಾವ