ಮಡಿಲಲ್ಲಿ ಕೈ ಇಟ್ಟು ಕೂತಿದ್ದ ಹುಡುಗಿ

ಸುಂಟಿಕೊಪ್ಪ
ಜುಲೈ 12, ರಾತ್ರಿ

ಪುಟ್ಟಿ,

ನೀನು ರಾಯಚೂರು ತಲುಪಿದ್ದು ಅಮ್ಮನಿಂದ ಗೊತ್ತಾಯಿತು. ಅಲ್ಲಿ ಸೆಕೆಯಂತೆ. ಇಲ್ಲಿ ಮಳೆ ಹಿಡಿದದ್ದು ಬಿಟ್ಟಿಲ್ಲ. ನಾಲ್ಕು ದಿನದಿಂದ ಕರೆಂಟ್ ಹೋಗಿ ಬಂದು ಮಾಡುತ್ತಿದೆ. ಟಾರ್ಚನ್ನು ಲೋಟಕ್ಕೆ ಒರಗಿಸಿಕೊಂಡು ಬರೆಯುತ್ತಿದ್ದೇನೆ.

ಅವತ್ತು ನಿನ್ನನ್ನು ಬಸ್ ಹತ್ತಿಸಲು ಬರಲಿಲ್ಲ. ಮಂಡಿ ನೋವು ಅಂದೆ. ನೋವು ಇರಲಿಲ್ಲ. ಹಿಂದಿನ ರಾತ್ರಿ ಊಟದ ಹೊತ್ತಿಗೆ ಆದ ಮಾತನ್ನೆಲ್ಲ ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ಕೊನೆಗೆ ನೀನು ಕೇಳಿದೆಯಲ್ಲ, "ಈ ಸ್ಕೂಲ್ ಲೈಬ್ರರಿಯನ್ ಕೆಲಸದಲ್ಲಿ ಏನೂ ಇಲ್ಲ ಅಂದ್ರೆ 29 ವರ್ಷ ನೀವು ಮಾಡಿದ್ದೇನಪ್ಪ?" ಅಂತ. ನಾನು ತಟ್ಟೆ ಬಿಟ್ಟು ಎದ್ದುಬಿಟ್ಟೆ. ತಪ್ಪು ಮಾಡಿದೆ. ಆ ಪ್ರಶ್ನೆಗೆ ಕೂತು ಉತ್ತರ ಹೇಳಬೇಕಿತ್ತು.

ಸಂಬಳ ಕಮ್ಮಿ, ಬ್ಯಾಂಕ್ ಪರೀಕ್ಷೆ ಬರಿ ಅಂದದ್ದು ನಿಜ. ಆದರೆ ನನ್ನ ಹೆದರಿಕೆ ಸಂಬಳದ್ದಲ್ಲ. ಈ ಕೆಲಸ ನನ್ನನ್ನು ಎಂಥವನನ್ನಾಗಿ ಮಾಡಿತ್ತು ಅಂತ ನನಗೆ ಗೊತ್ತು. ನಿನ್ನನ್ನೂ ಹಾಗೇ ಮಾಡಿದರೆ ಅನ್ನೋದು ಹೆದರಿಕೆ.

ನೀನಾಗ ಆರನೇ ಕ್ಲಾಸು. ಏಳರಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಬರೆಯುವುದಿಲ್ಲ. ಎಸ್ಟೇಟಿನ ಕೂಲಿಯವರ ಲೈನ್ ಮನೆಯಿಂದ ಬರುತ್ತಿದ್ದಳು. ಶಾಲೆಗೆ ಮೂರು ಮೈಲಿ ನಡಿಗೆ. ಜುಲೈ ತಿಂಗಳೇ ಇರಬೇಕು. ಒಂದು ಕಥೆ ಪುಸ್ತಕ ತೆಗೆದುಕೊಂಡು ಹೋದಳು. ಬೆಲೆ 45 ರೂಪಾಯಿ. ದಾರಿಯಲ್ಲಿ ಮಳೆಗೆ ಸಿಕ್ಕಿ ಚೀಲ ಪೂರ್ತಿ ನೆನೆಯಿತು. ಅವಳ ಅಮ್ಮ ಪುಸ್ತಕವನ್ನು ಒಲೆಯ ಪಕ್ಕ ಇಟ್ಟು ಒಣಗಿಸಿದರು. ಹಾಳೆಗಳು ಉಬ್ಬಿ, ಅಂಚು ಕಂದಿ, ಹೊಗೆ ವಾಸನೆ ಹಿಡಿದು ಬಂತು. ಅವಳು ಅದನ್ನು ಹಳೇ ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ತಂದಿದ್ದಳು. ಮತ್ತೆ ನೆನೆಯಬಾರದು ಅಂತ.

ಹಾಳಾದರೆ ಎರಡು ಪಟ್ಟು ಬೆಲೆ, ಇದು ರೂಲು. 90 ರೂಪಾಯಿ ಅಂದೆ. ಅವಳು ವಾದ ಮಾಡಲಿಲ್ಲ, ಅಳಲೂ ಇಲ್ಲ. ಬಟವಾಡೆ ಆದ ಮರುದಿನ 20 ತಂದಳು. ಮುಂದಿನ ವಾರ ಮತ್ತೆ 20. ಹೀಗೆ ಐದು ವಾರ, ಕೊನೆಯ ವಾರ 10. ಐದು ಸಲವೂ ರಸೀದಿ ಹರಿದು ಕೊಟ್ಟೆ. ಸರಿಯಾಗಿ ಲೆಕ್ಕ ಇಟ್ಟೆ ಅಂತ ನನಗೆ ಸಮಾಧಾನ ಬೇರೆ.

ಆಮೇಲೆ ಅವಳು ಪುಸ್ತಕ ತೆಗೆದುಕೊಳ್ಳಲಿಲ್ಲ. ಲೈಬ್ರರಿ ಪೀರಿಯಡ್‌ಗೆ ಎಲ್ಲರ ಜೊತೆ ಬರುತ್ತಿದ್ದಳು. ಕಿಟಕಿ ಪಕ್ಕದ ಬೆಂಚಿನಲ್ಲಿ, ಎರಡೂ ಕೈ ಮಡಿಲಲ್ಲಿಟ್ಟು, ಸುಮ್ನೆ ಕೂರುತ್ತಿದ್ದಳು. ಮೇಜಿನ ಮೇಲೆ ಬೇರೆ ಮಕ್ಕಳು ಬಿಟ್ಟುಹೋದ ಪುಸ್ತಕ ತೆರೆದೇ ಇದ್ದರೂ ಮುಟ್ಟುತ್ತಿರಲಿಲ್ಲ. ಬಗ್ಗಿ ನೋಡುತ್ತಿದ್ದಳು. ಗಾಳಿಗೆ ಹಾಳೆ ಮಗುಚಿದರೆ ಆ ಹಾಳೆಯನ್ನೂ ಓದುತ್ತಿದ್ದಳು. ಕೈ ಮಾತ್ರ ಮಡಿಲಲ್ಲೇ. ನಾನು ಇದನ್ನು ಕೌಂಟರಿನಿಂದ ನೋಡುತ್ತಿದ್ದೆ, ಪುಟ್ಟಿ. ಒಂದು ದಿನ ಅಲ್ಲ, ಆ ವರ್ಷ ಪೂರ್ತಿ. ಎದ್ದು ಹೋಗಿ ಒಂದು ಪುಸ್ತಕ ಅವಳ ಕೈಗೆ ಕೊಡಬಹುದಿತ್ತು. ಕೊಡಲಿಲ್ಲ. ಮುಂದಿನ ಜೂನ್ ಹೊತ್ತಿಗೆ ಅವರ ಮನೆಯವರು ಸಿದ್ದಾಪುರದ ಕಡೆ ಬೇರೆ ತೋಟಕ್ಕೆ ಹೋಗಿದ್ದರು.

ಒದ್ದೆ ಪುಸ್ತಕ ಉಳಿಸುವುದು ಕಷ್ಟದ ಕೆಲಸ ಏನಲ್ಲ. ಬೆಂಕಿ ಹತ್ತಿರ ಇಡಬಾರದು, ಬಿಸಿಲಿಗೂ ಇಡಬಾರದು. ಇಪ್ಪತ್ತು ಹಾಳೆಗೊಂದು ಕಾಗದ ಇಟ್ಟು, ನೀರು ಹೀರಿದ ಹಾಗೆ ಬದಲಾಯಿಸುತ್ತಾ, ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ ಫ್ಯಾನ್ ಹಾಕಬೇಕು. ಎರಡು ದಿನದೊಳಗೆ ಮಾಡಬೇಕು, ತಡವಾದರೆ ಬೂಷ್ಟು ಬರುತ್ತದೆ. ಇದನ್ನು ಮಳೆಗಾಲ ಶುರುವಾಗುವಾಗ ಮಕ್ಕಳಿಗೆ ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ಕೊಡಗಿನಲ್ಲಿ ಮಳೆ ಬರುತ್ತದೆ ಅಂತ ಏಳನೇ ಕ್ಲಾಸಿನ ಹುಡುಗಿಗೆ ದಂಡ ಹಾಕಿದ ಹಾಗಾಯಿತಲ್ವಾ ಅದು?

ಯಾಕೆ ಹಾಗಿದ್ದೆ ಅಂತ ಕೇಳಿದರೆ, ಹೆದರಿಕೆ. ಸ್ಟಾಕ್ ವೆರಿಫಿಕೇಶನ್‌ನಲ್ಲಿ ಕಡಿಮೆ ಬಂದ ಪುಸ್ತಕಗಳ ದುಡ್ಡನ್ನು ನನಗಿಂತ ಮೊದಲು ಇದ್ದವರ ಸಂಬಳದಲ್ಲಿ ಹಿಡಿದಿದ್ದರಂತೆ. ಸೇರಿದ ವಾರವೇ ಅದು ಕಿವಿಗೆ ಬಿತ್ತು. ಅವತ್ತಿನಿಂದ ಬೀರುಗಳಿಗೆ ಬೀಗ. ಬೂಷ್ಟು ಬಾರದಿರಲಿ ಅಂತ ಮಳೆಗಾಲವಿಡೀ ಬೀರುವಿನೊಳಗೆ ಬಲ್ಬ್ ಉರಿಸಿಡುತ್ತಿದ್ದೆ. ಮಕ್ಕಳು ಗಾಜಿನ ಹೊರಗೆ ಚಳಿಯಲ್ಲಿ ನಿಂತು ಒಳಗೆ ನೋಡುತ್ತಿದ್ದರು.

ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಗಳಲ್ಲಿ ಒಂದು ಮಾತಿದೆ. ವರ್ಷದಲ್ಲಿ ಓದಲು ಕೊಟ್ಟ 1000 ಪುಸ್ತಕಕ್ಕೆ 5 ಕಳೆದುಹೋದರೆ ಅದು ಸಹಜ, ಮೋಸ ಅಥವಾ ನಿರ್ಲಕ್ಷ್ಯ ಇರಬಾರದು ಅಷ್ಟೇ ಅಂತ. 1000 ರೂಪಾಯಿಗಿಂತ ಜಾಸ್ತಿ ಬೆಲೆಯದ್ದು, ಅಪರೂಪದ್ದು ಹೋದರೆ ಮಾತ್ರ ವಿಚಾರಣೆ ಆಗಲೇಬೇಕು. ಅದು ಕೇಂದ್ರದ ಕಚೇರಿಗಳ ನಿಯಮ, ಗೊತ್ತು. ಆದರೂ ಓದಿದ ದಿನ ತುಂಬಾ ಹೊತ್ತು ಕುರ್ಚಿಯಿಂದ ಏಳಲಾಗಲಿಲ್ಲ. ನಿನ್ನ ಶಾಲೆಯಲ್ಲಿ ಇದಕ್ಕೆ ಏನು ನಿಯಮ ಇದೆ ಅಂತ ಮೊದಲ ವಾರವೇ ಕೇಳು. ಬರಹದಲ್ಲಿ ತೆಗೆದುಕೋ. ನಿಯಮ ಗೊತ್ತಿದ್ದರೆ ಹೆದರಿಕೆ ಕಮ್ಮಿಯಾಗುತ್ತದೆ, ಬೀಗ ತೆಗೆಯಲು ಕೈ ಬರುತ್ತದೆ.

ನಮ್ಮ ದೇಶದಲ್ಲಿ ಲೈಬ್ರರಿ ಶಾಸ್ತ್ರಕ್ಕೆ ಬುನಾದಿ ಹಾಕಿದ ರಂಗನಾಥನ್ ಅವರ ಐದು ಸೂತ್ರ ನೀನು ಮಾನಸಗಂಗೋತ್ರಿಯಲ್ಲಿ ಪರೀಕ್ಷೆಗೆ ಬರೆದಿದ್ದೀಯ. ನಾನೂ ಬರೆದಿದ್ದೆ. 1931ರಲ್ಲೇ ಅವರು ಮೊದಲ ಸೂತ್ರ ಅಂತ ಹೇಳಿದ್ದು ಪುಸ್ತಕ ಇರುವುದು ಬಳಸುವುದಕ್ಕೆ ಅಂತ. ನಾನು ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಬೀಗ ಹಾಕಿದ ಬೀರುವಿನ ಮೇಲೆಯೇ ಅಂಟಿಸಿದ್ದೆ. ಇನ್ನೊಂದು ವಿಷಯ ನೆನಪಿಟ್ಟುಕೋ. ಅವರು 1924ರಲ್ಲಿ ಗಣಿತದ ಪಾಠ ಬಿಟ್ಟು ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಗೆ ಬಂದಾಗ, ಬೇಸರವಾಗಿ, ವಾಪಸ್ ಪಾಠಕ್ಕೇ ಕಳಿಸಿ ಅಂತ ಕೇಳಿದ್ದರು. ಅಂಥವರಿಗೇ ಹಾಗಾಗಿತ್ತು. ನಿನಗೂ ಮೊದಲ ತಿಂಗಳು ಬೇಸರ ಬರುತ್ತದೆ. ಬರಲಿ. ಆ ಕೋಣೆಯಲ್ಲಿ ಒಬ್ಬಳೇ ಇರುವ ಹೊತ್ತು ಜಾಸ್ತಿ. ಆಗ ಓದು. ಮಕ್ಕಳ ಪುಸ್ತಕವನ್ನೇ ಓದು. ನೀನು ಓದಿರದ ಪುಸ್ತಕವನ್ನು ಮಗುವಿಗೆ ಕೊಡುವಾಗ ಕೈಯಲ್ಲಿ ಜೋರು ಇರುವುದಿಲ್ಲ.

ಅಲ್ಲಿ ಬೂಷ್ಟಿನ ಕಾಟ ನಮ್ಮಷ್ಟು ಇರಲಾರದು. ಧೂಳು, ಗೆದ್ದಲು ನೋಡಿಕೋ. ಬೀರುಗಳನ್ನು ಗೋಡೆಗೆ ತಾಗಿಸಬೇಡ, ಒಂದು ಗೇಣು ಬಿಡು. ಕನ್ನಡ ಸಾಹಿತ್ಯಕ್ಕೆ ಡ್ಯೂಯಿ ವರ್ಗೀಕರಣದ ನಂಬರ್ 894.814 ಅನ್ನೋದು ನಿನಗೆ ಸರಿ, ಐದನೇ ಕ್ಲಾಸಿನವರಿಗೆ ಏನು ಗೊತ್ತಾಗುತ್ತದೆ? ಬಣ್ಣದ ಕಾಗದ ಅಂಟಿಸು. ಸಣ್ಣ ಮಕ್ಕಳ ಪುಸ್ತಕ ಕೆಳಗಿನ ಹಲಗೆಯಲ್ಲಿ, ಮುಖಪುಟ ಕಾಣುವ ಹಾಗೆ ಇಡು. ನೀರು ಕುದಿಸಿ ಕುಡಿ. ಉಪದೇಶ ಆಯಿತು ಅಲ್ವಾ? ಇರಲಿ.

ಇನ್ನು ಒಂದು ಉಳಿದಿದೆ. ಅದನ್ನು ಬರೆಯಲೆಂದೇ ಈ ಪತ್ರ ಶುರು ಮಾಡಿದ್ದು, ಇಷ್ಟು ಹೊತ್ತು ಸುತ್ತು ಹಾಕಿದೆ.

ಆ ಮಳೆಗಾಲದಲ್ಲಿ ನಾನು ನಿನಗೆ ವಾರಕ್ಕೆ ಐದಾರು ಪುಸ್ತಕ ಮನೆಗೆ ತರುತ್ತಿದ್ದೆ. ನಿನಗೆ ನೆನಪಿರುತ್ತದೆ, ಜಗಲಿಯಲ್ಲಿ ನೀನು ಕಂಬಳಿ ಹೊದ್ದು ಓದುತ್ತಿದ್ದೆ. ಅವನ್ನು ನಾನು ಇಶ್ಯೂ ರಿಜಿಸ್ಟರಿನಲ್ಲಿ ಬರೆಯುತ್ತಿರಲಿಲ್ಲ. ಒಂದು ರಾತ್ರಿ ಹೆಂಚು ಸರಿದು ಸೋರಿ, ಪ್ರಾಣಿಗಳ ಚಿತ್ರದ ದೊಡ್ಡ ಪುಸ್ತಕ ಹಾಳಾಯಿತು. 120 ರೂಪಾಯಿಯದ್ದು. ನೀನು ಅತ್ತೆ. "ಪುಸ್ತಕ ತಾನೇ, ಬಿಡು" ಅಂತ ತಲೆ ಸವರಿದೆ. ವರ್ಷದ ಕೊನೆಗೆ ಅದನ್ನು ಶಿಥಿಲವಾದ ಪುಸ್ತಕಗಳ ಪಟ್ಟಿಗೆ ಸೇರಿಸಿ ಸಹಿ ಹಾಕಿಸಿದೆ. ಆ ಹುಡುಗಿಯ ಐದನೇ ರಸೀದಿ ಹರಿದದ್ದೂ ಅದೇ ವರ್ಷ, ಅದೇ ಕೈಯಿಂದ.

ನಿನ್ನದೇನೂ ತಪ್ಪಿಲ್ಲ. ನೀನು ಮಗು. ಆದರೆ ನೀನು ಪುಸ್ತಕದ ಹುಚ್ಚು ಹತ್ತಿಸಿಕೊಂಡದ್ದು ಆ ಜಗಲಿಯಲ್ಲಿ, ಇವತ್ತು ಈ ಕೆಲಸಕ್ಕೆ ಹೋದದ್ದೂ ಅದರಿಂದಲೇ. ಅದಕ್ಕೇ ನಿನ್ನ ಆರ್ಡರ್ ಬಂದಾಗ ನನಗೆ ಖುಷಿಪಡಲು ಬಾಯಿ ಬರಲಿಲ್ಲ. ಖುಷಿ ಆಗಲಿಲ್ಲ ಅಂತಲ್ಲ. ಅದರ ಜೆರಾಕ್ಸ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡು ಹಳೇ ಮೇಷ್ಟ್ರುಗಳಿಗೆಲ್ಲ ತೋರಿಸಿ ಬಂದಿದ್ದೇನೆ. ಅಮ್ಮನಿಗೂ ಗೊತ್ತಿಲ್ಲ.

ನೀನು ಹೋದ ಮರುದಿನ ಮಡಿಕೇರಿಗೆ ಹೋಗಿ ಎರಡು ಪುಸ್ತಕ ತಂದೆ. ಪ್ರಾಣಿಗಳದ್ದು ಒಂದು, ಕಥೆಯದ್ದು ಒಂದು. ಶಾಲೆಗೆ ಕೊಟ್ಟು ಬಂದೆ. ಈಗಿರುವ ಲೈಬ್ರರಿಯನ್ ಮೇಡಂ ತುಂಬಾ ಗೌರವದಿಂದ ಕೂರಿಸಿ ಕಾಫಿ ಕೊಟ್ಟರು. ಲೈಬ್ರರಿಗೆ ಬಂದ ಪುಸ್ತಕ ದಾಖಲಿಸುವ ಅಕ್ಸೆಶನ್ ರಿಜಿಸ್ಟರ್ ತೆಗೆದು, ಎರಡಕ್ಕೂ ನನ್ನ ಹೆಸರಿನ ಮುಂದೆ "ದಾನ" ಅಂತ ಬರೆದುಕೊಂಡರು. ದಾನ ಅಲ್ಲ ಮೇಡಂ, ಬಾಕಿ ಅಂತ ಹೇಳಬೇಕಿತ್ತು. ಹೇಳಲಾಗಲಿಲ್ಲ. ನಿನಗೆ ಹೇಳಿದ್ದೇನೆ.

ನಾಳೆ ಮಳೆ ಸ್ವಲ್ಪ ಹೊಳವಾದರೆ ಪೋಸ್ಟಿಗೆ ಹಾಕುತ್ತೇನೆ. ಅಮ್ಮನಿಗೆ ಫೋನ್ ಮಾಡಿದಾಗ, ಅಪ್ಪನಿಗೂ ಕೊಡು ಅನ್ನು.

ನಿನ್ನ
ಅಪ್ಪ