ಹಿಮ ಬೀಳುವ ಮೊದಲು, ಗಣಪತಿಗೆ

ಪ್ರೀತಿಯ ಗಣಪತಿ,

ಶಿರಸಿಯಲ್ಲಿ ಮಳೆ ಹೊಳವಾಯಿತು ಅಂತ ಬರೆದಿದ್ದೆಯಲ್ಲ, ಓದಿ ಖುಷಿಯಾಯಿತು. ನಿನ್ನ ತುಡುವೆ ಜೇನುಗಳು ಮತ್ತೆ ಹೂವಿಗೆ ಹೊರಟಿರಬೇಕು. ಇಲ್ಲಿ ಮಿನ್ನೆಸೋಟಾದಲ್ಲಿ ಅಕ್ಟೋಬರ್ ಮುಗಿಯುತ್ತಾ ಬಂತು. ಕೊನೆಯ ಹೂವೂ ಒಣಗಿದೆ. ಇನ್ನು ಏಪ್ರಿಲ್ ತನಕ ನನ್ನ ಜೇನುನೊಣಗಳಿಗೆ ಹೊರಗೆ ಏನೂ ಸಿಗುವುದಿಲ್ಲ.

ಮೈನಸ್ 30 ಡಿಗ್ರಿಯಲ್ಲಿ ಅವು ಹೇಗೆ ಬದುಕುತ್ತವೆ ಅಂತ ಕೇಳಿದ್ದೆ ನೀನು. ನಿದ್ದೆ ಹೋಗುವುದಿಲ್ಲ ಮಾರಾಯ. ಸುಮಾರು 14 ಡಿಗ್ರಿಗಿಂತ ಕೆಳಗಿಳಿದರೆ ರಾಣಿಯನ್ನು ಒಳಗಿಟ್ಟುಕೊಂಡು ಒತ್ತೊತ್ತಾಗಿ ಉಂಡೆ ಕಟ್ಟುತ್ತವೆ. ರೆಕ್ಕೆ ಬಡಿಯದೆ, ಅದರ ಸ್ನಾಯು ಮಾತ್ರ ನಡುಗಿಸಿ ಬಿಸಿ ಹುಟ್ಟಿಸುತ್ತವೆ. ಮರಿ ಇದ್ದರೆ ಉಂಡೆಯ ನಡುವೆ 34-35 ಡಿಗ್ರಿ! ಆ ಒಲೆಗೆ ಸೌದೆ ಜೇನುತುಪ್ಪವೇ. ಚಳಿಗಾಲ ದಾಟಲು ಪೆಟ್ಟಿಗೆಗೆ 35ರಿಂದ 40 ಕಿಲೋ ಬೇಕು. ಹಿಂದಿನಿಂದ ಪೆಟ್ಟಿಗೆ ಎತ್ತಿ ನೋಡುತ್ತೇನೆ, ಜಗ್ಗದಿದ್ದರೆ ಸಮಾಧಾನ. ಹಗುರಾಗಿದ್ದ ಒಂದಕ್ಕೆ ಸೆಪ್ಟೆಂಬರಿನಲ್ಲೇ ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರಿನ ಪಾಕ ಕೊಟ್ಟೆ. ಈಗ ಕೊಟ್ಟರೆ ನೀರಿನಂಶ ಆರಿಸಲು ಅವಕ್ಕೆ ಆಗುವುದಿಲ್ಲ.

ಹೋದ ವರ್ಷದ್ದು ಹೇಳಿರಲಿಲ್ಲ ನಿನಗೆ. ಒಂದು ಪೆಟ್ಟಿಗೆಯ ಜೇನು ಸಂಸಾರ ಪೂರ್ತಿ ಸತ್ತಿತು. ಫೆಬ್ರುವರಿಯಲ್ಲಿ ಮುಚ್ಚಳ ತೆಗೆದರೆ ಒಂದು ಹಿಡಿ ನೊಣ, ಸುತ್ತ ಎರಿ ತುಂಬ ತುಪ್ಪ. ಚಳಿಯೂ ಅಲ್ಲ, ಹಸಿವೂ ಅಲ್ಲ. ಜೇನಿನ ಮೈಗೆ ಅಂಟಿ ಹೀರುವ ವರೋವಾ ಎಂಬ ನುಸಿ. ಬೇಸಿಗೆಯಲ್ಲಿ ಹುಟ್ಟಿದ ನೊಣ ಬದುಕುವುದು ಐದಾರು ವಾರ. ಚಳಿಗಾಲಕ್ಕೆಂದು ಹುಟ್ಟಿದ್ದು ಐದಾರು ತಿಂಗಳು ಬಾಳಬೇಕು. ಮರಿಯಾಗಿದ್ದಾಗಲೇ ನುಸಿ ಹೀರಿದರೆ ಅದಕ್ಕೆ ಅಷ್ಟು ಆಯಸ್ಸು ಎಲ್ಲಿಂದ ಬರಬೇಕು? ಆಗಸ್ಟಿನಲ್ಲಿ ನಾನು ನುಸಿ ಎಣಿಸಿರಲಿಲ್ಲ. ಅದು ಇಂದಿಗೂ ಚುಚ್ಚುತ್ತದೆ.

ಈ ನುಸಿ ಮೂಲದಲ್ಲಿ ನಿನ್ನ ತುಡುವೆಯದೇ ಜೊತೆಗಾರ, ಗೊತ್ತಾ? ತುಡುವೆಗೆ ಅದನ್ನು ಮೈಯಿಂದ ಕಿತ್ತು ಹಾಕಿ ಬಾಳುವುದು ಗೊತ್ತು. ನಾನು ಸಾಕುವ ಯುರೋಪಿನ ಜೇನಿಗೆ ಆ ರೂಢಿ ಇಲ್ಲ. ಅಮೆರಿಕದಲ್ಲಿ ಅದು ಕಾಣಿಸಿದ್ದೇ 1987ರಲ್ಲಿ. ಈ ಸಲ ಆಗಸ್ಟಿನಲ್ಲಿ ಪ್ರತಿ ಪೆಟ್ಟಿಗೆಯಿಂದ ಸುಮಾರು 300 ನೊಣಗಳನ್ನು ಸ್ಪಿರಿಟ್‌ನಲ್ಲಿ ಅಲ್ಲಾಡಿಸಿ, ಉದುರಿದ ನುಸಿ ಎಣಿಸಿದೆ. ಅಷ್ಟು ನೊಣಗಳನ್ನು ಸಾಯಿಸುವಾಗ ಕೈ ನಡುಗಿತು. ಒಂದರಲ್ಲಿ ನೂರು ನೊಣಕ್ಕೆ ಐದು ನುಸಿ ಸಿಕ್ಕವು. ಮೂರೇ ಜಾಸ್ತಿ. ಆ ಪೆಟ್ಟಿಗೆಗೆ ನುಸಿ ಕೊಲ್ಲುವ ಫಾರ್ಮಿಕ್ ಆಸಿಡ್ ಪಟ್ಟಿ ಇಟ್ಟೆ.

ಇನ್ನೊಂದು ಶತ್ರು ನೀರು. ನೊಣಗಳ ಉಸಿರಿನ ಹಬೆ ಮೇಲೇರಿ, ತಣ್ಣಗಿನ ಮುಚ್ಚಳಕ್ಕೆ ತಾಗಿ, ಹನಿಯಾಗಿ ಅವುಗಳ ಮೇಲೆಯೇ ಬೀಳುತ್ತದೆ. ಒಣಗಿದ್ದರೆ ಚಳಿ ತಡೆಯುತ್ತವೆ, ನೆನೆದರೆ ಇಲ್ಲ. ಅದಕ್ಕೆ ಮುಚ್ಚಳದ ಕೆಳಗೆ ಮರದ ಹೊಟ್ಟು ತುಂಬಿದ ಚೌಕಟ್ಟು ಇಟ್ಟು, ಮೇಲ್ಗಡೆ ಒಂದು ಸಣ್ಣ ತೂತು ಬಿಟ್ಟಿದ್ದೇನೆ. ಇಲಿ ನುಗ್ಗದಂತೆ ಬಾಗಿಲಿಗೆ ಜಾಲರಿ ಹಾಕಿದೆ. ರಾಣಿ ಮೇಲಿನ ಅಂತಸ್ತಿಗೆ ಹೋಗದಂತೆ ಇಡುವ ರಾಣಿ ತಡೆಯನ್ನೂ ತೆಗೆದೆ. ಉಂಡೆ ತುಪ್ಪ ತಿನ್ನುತ್ತಾ ಮೇಲಕ್ಕೆ ಹೋಗುತ್ತದೆ, ತಡೆ ಇದ್ದರೆ ರಾಣಿ ಒಬ್ಬಳೇ ಕೆಳಗೆ ಉಳಿದು ಚಳಿಗೆ ಸಾಯುತ್ತಾಳೆ.

ಆಷಾಢದ ಮಳೆಗೆ ನೀನು ಪೆಟ್ಟಿಗೆಗೆ ಸೋಗೆ ಹೊದೆಸಿ, ಪಾಕ ಇಟ್ಟು, ದಿನಾ ಹೋಗಿ ಇಣುಕುತ್ತಿದ್ದೆಯಲ್ಲ. ಜನವರಿಯಲ್ಲಿ ನಾನು ಇಣುಕುವ ಹಾಗಿಲ್ಲ, ಮುಚ್ಚಳ ತೆಗೆದರೆ ಬಿಸಿ ಹೋಗುತ್ತದೆ. ಹಿಮದಲ್ಲಿ ಮಂಡಿಯೂರಿ ಪೆಟ್ಟಿಗೆಗೆ ಕಿವಿ ಹಚ್ಚುತ್ತೇನೆ. ಗುಂಯ್ ಅಂತ ಸಣ್ಣಗೆ ಕೇಳಿದರೆ ಸಾಕು.

ಕತ್ತಲಾಯಿತು. ಮೂರನೇ ಪೆಟ್ಟಿಗೆಗೆ ಕಪ್ಪು ಹೊದಿಕೆ ಸುತ್ತುವುದು ಬಾಕಿ ಇದೆ. ನಿನ್ನ ಪೆಟ್ಟಿಗೆಗಳಲ್ಲಿ ಈ ಮಳೆಗಾಲ ಎಷ್ಟು ಸಂಸಾರ ಉಳಿದವು, ಬರೆ.

ನಿನ್ನ ಗೆಳೆಯ