ಕಾಡಿನ ಕಾಳಗಕ್ಕೆ ಡ್ರೋನ್ ಸಾಲದು

ಮಾನ್ಯ ಸಂಪಾದಕರೇ,

ಗೆರಿಲ್ಲಾ ಯುದ್ಧ ಮತ್ತು ಸೇನಾ ತಂತ್ರಗಳನ್ನು ಕುರಿತ ಸಾಕ್ಷ್ಯಚಿತ್ರಗಳು ಈಗ ಕನ್ನಡದಲ್ಲೂ ಬರುತ್ತಿದ್ದು, ಅವುಗಳಲ್ಲಿ ನಮ್ಮ ಮಲೆನಾಡಿನ ಕೋಟೆಗಳೂ ಕಾಣಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿ. ಆದರೆ ಶಿವಮೊಗ್ಗ ಜಿಲ್ಲೆಯ ನಗರ, ಕವಲೇದುರ್ಗ ಕೋಟೆಗಳ ಕಥೆ ಹೇಳಹೊರಟವರಲ್ಲಿ ಹೆಚ್ಚಿನವರು ಬೇಸಿಗೆಯಲ್ಲಿ ಬಂದು, ಡ್ರೋನ್ ಹಾರಿಸಿ, ಗ್ರಾಫಿಕ್ಸ್ ಫಿರಂಗಿಗಳನ್ನು ಗುಡುಗಿಸಿ ಹೊರಟುಹೋಗುತ್ತಾರೆ. ಇಂಥ ಯುದ್ಧಗಳ ಸೋಲು-ಗೆಲುವನ್ನು ನಿಜವಾಗಿ ತೀರ್ಮಾನಿಸಿದ ದಾರಿ, ಮಳೆ ಮತ್ತು ದವಸದ ಮಾತು ಅವರ ಚಿತ್ರಗಳಲ್ಲಿ ಬರುವುದೇ ಇಲ್ಲ.

1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದ ಬಗೆಯನ್ನೇ ನೋಡಬಹುದು. ಇಂದು ನಗರವೆಂದು ಕರೆಯುವ ಆ ಪಟ್ಟಣವನ್ನು ಕೋಟೆಯ ಗೋಡೆಗಳಿಗಿಂತ ಹೆಚ್ಚಾಗಿ ಕಾಯುತ್ತಿದ್ದುದು ಸುತ್ತಲಿನ ಗುಡ್ಡಗಳು, ದಟ್ಟವಾದ ಅಡವಿ ಮತ್ತು ಕಣಿವೆಯ ಬಾಯಿಗಳಲ್ಲಿ ಒಡ್ಡಿದ್ದ ತಡೆಗಳು. ಕುಂಸಿಯಲ್ಲಿ ಸೆರೆಯಲ್ಲಿದ್ದ ಬಿದನೂರಿನ ಹಿಂದಿನ ಮಂತ್ರಿ ಲಿಂಗಣ್ಣ ಹೈದರನ ಕೈಗೆ ಸಿಕ್ಕಿ, ಪಟ್ಟಣದೊಳಕ್ಕೆ ನುಸುಳುವ ಗುಪ್ತದಾರಿಯೊಂದನ್ನು ತಿಳಿಸಿದನೆಂದು ಹಳೆಯ ದಾಖಲೆಗಳು ಹೇಳುತ್ತವೆ. ಹೈದರನು ತಡೆಗಳ ಮುಂದೆ ಹುಸಿ ದಾಳಿಯ ಗದ್ದಲ ಎಬ್ಬಿಸಿ, ತಾನು ಆಯ್ದ ತುಕಡಿಯೊಂದಿಗೆ ಆ ದಾರಿಯಿಂದ ಒಳಹೊಕ್ಕನು. ಬಿದನೂರಿನ ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿಯಿಡಿಸಿ ಬಲ್ಲಾಳರಾಯನದುರ್ಗಕ್ಕೆ ಹೊರಟುಹೋದಳು. ಈಚೆಗೆ ನೋಡಿದ ಚಿತ್ರವೊಂದರಲ್ಲಿ ಇದೆಲ್ಲ ದೊಡ್ಡ ಫಿರಂಗಿ ಕಾಳಗವಾಗಿಬಿಟ್ಟಿತ್ತು. ಲಿಂಗಣ್ಣನ ಪಾಲಿಗೆ ಬಂದದ್ದು ‘ದ್ರೋಹಿ’ ಎಂಬ ಒಂದೇ ಮಾತು. ತನ್ನ ನಾಡಿನ ಮಂತ್ರಿಯಾಗಿದ್ದವನು ಸೆರೆಯಲ್ಲೇಕಿದ್ದನೆಂದು ನಿರೂಪಕರು ಕೇಳಲೂ ಇಲ್ಲ.

ಕಾನಿನ ನೆತ್ತಿಯ ಮೇಲೆ ಹಾರುವ ಡ್ರೋನಿಗೆ ಕಾಣುವುದು ಮರಗಳ ತಲೆ ಮಾತ್ರ. ಅಡಗಿ ಕಾದುವವನಿಗೆ ಬೇಕಾದುದೆಲ್ಲ ಅವುಗಳ ಬುಡದಲ್ಲಿದೆ. ಕವಲೇದುರ್ಗದ ಹಾಸುಗಲ್ಲುಗಳನ್ನು ಆಷಾಢದಲ್ಲಿ ಹತ್ತಿದವರಿಗೆ ಪಾಚಿಯ ಮೇಲೆ ಹೆಜ್ಜೆ ನಿಲ್ಲುವುದಿಲ್ಲ, ಬೆರಳ ಸಂದಿಗೆ ಇಂಬಳ ಹತ್ತಿದ್ದು ತಿಳಿಯುವುದಿಲ್ಲ, ಮಂಜು ಕವಿದರೆ ಮುಂದೆ ಹೋಗುವವರ ಬೆನ್ನೂ ಕಾಣುವುದಿಲ್ಲ. ಅಂಥ ದಾರಿಯಲ್ಲಿ ಸಿಡಿಮದ್ದು ನೆನೆಯದಂತೆ ಕಾಪಾಡಿಕೊಂಡು, ಅಕ್ಕಿ ಹೇರಿದ ಎತ್ತುಗಳನ್ನು ಹೊಡೆದುಕೊಂಡು ಸೈನ್ಯವೊಂದು ನಡೆದುದು ಹೇಗೆಂಬುದನ್ನು ತೋರಿಸುವುದಲ್ಲವೇ ಸಾಕ್ಷ್ಯಚಿತ್ರದ ಕೆಲಸ?

ಹಾಗೆಂದು ಮಳೆಯು ಯಾವಾಗಲೂ ಅಡಗಿ ಹೋರಾಡುವವರ ಪಕ್ಷವೆಂದು ಭಾವಿಸುವುದೂ ಸರಿಯಲ್ಲ. ಬ್ರಿಟಿಷರ ವಿರುದ್ಧ ಬಂಡೆದ್ದ ಚನ್ನಗಿರಿಯ ಧೋಂಡಿಯ ವಾಘನು 1799ರಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು, ಬಿದನೂರು ಸೀಮೆಯಲ್ಲಿ ಪಡೆ ಕಟ್ಟಿ, ಅಲ್ಲಿಂದ ಓಡಿಸಲ್ಪಟ್ಟು ತುಂಗಭದ್ರೆಯಾಚೆಯ ಬಯಲಿಗೆ ಹೋದನು. ಮರುವರ್ಷ ಅವನನ್ನು ಬೆನ್ನಟ್ಟಿದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯು ನದಿಗಳು ತುಂಬಿ ಹರಿಯುವ ಕಾಲವೇ ತನಗೆ ಅನುಕೂಲವೆಂದು ಲೆಕ್ಕ ಹಾಕಿದ್ದನು: ಧೋಂಡಿಯನ ಕುದುರೆ ಸವಾರರಿಗೆ ಹೊಳೆ ದಾಟುವುದು ಕಷ್ಟ, ವೆಲ್ಲೆಸ್ಲಿಯ ಬಳಿಯಾದರೋ ಹರಿಗೋಲುಗಳಿದ್ದವು. ಜುಲೈ 30ರಂದು ಮಲಪ್ರಭೆಯ ದಂಡೆಯ ಮುನವಳ್ಳಿಯ ಬಳಿ ಧೋಂಡಿಯನ ಸಾಮಾನು ಸರಂಜಾಮು ಕೈತಪ್ಪಿತು. ಸೆಪ್ಟೆಂಬರ್ 10ರಂದು ಅವನೇ ಹತನಾದನು. ವೆಲ್ಲೆಸ್ಲಿಯ ಆ ಕಾಲದ ಪತ್ರಗಳಲ್ಲಿ ಶೌರ್ಯಕ್ಕಿಂತ ಅಕ್ಕಿ ಮತ್ತು ಎತ್ತುಗಳ ಮಾತೇ ಹೆಚ್ಚು. ನಮ್ಮ ಚಿತ್ರ ತೆಗೆಯುವವರು ಅವನ್ನು ಒಮ್ಮೆ ಓದಿಕೊಂಡರೆ ಒಳ್ಳೆಯದು.

ಹೊರದೇಶದ ಕೆಲವು ಚಿತ್ರಗಳು ಈ ವಿಷಯದಲ್ಲಿ ಎಷ್ಟೋ ವಾಸಿ. ವಿಯೆಟ್ನಾಮಿನಲ್ಲಿ ಫ್ರೆಂಚರ ವಿರುದ್ಧ ನಡೆದ 1954ರ ದಿಯೆನ್ ಬಿಯೆನ್ ಫು ಕದನವನ್ನು ತೋರಿಸುವಾಗ ಅವು ಫಿರಂಗಿಗಳನ್ನು ಹಗ್ಗ ಕಟ್ಟಿ ಬೆಟ್ಟಕ್ಕೆಳೆದ ವಿಯೆಟ್ನಾಮಿನ ಸೈನಿಕರನ್ನೂ ಸೈಕಲ್ಲುಗಳ ಮೇಲೆ ಅಕ್ಕಿ ಹೇರಿ ತಳ್ಳಿದ ಸಾಮಾನ್ಯ ಜನರನ್ನೂ ಬಿಡುವುದಿಲ್ಲ. ನಮ್ಮಲ್ಲಿಯೂ ಅಂಥ ಸಾಮಾನ್ಯರಿದ್ದರು. ಕಂದಾಯದ ಕಿರುಕುಳಕ್ಕೆ ರೊಚ್ಚಿಗೆದ್ದ ರೈತರು ಕೂಟ ಕಟ್ಟಿಕೊಂಡು ನಡೆಸಿದ 1830–31ರ ನಗರ ದಂಗೆಯು ಮೈಸೂರಿನ ಆಡಳಿತವನ್ನೇ ಬ್ರಿಟಿಷರು ವಹಿಸಿಕೊಳ್ಳುವುದಕ್ಕೆ ಕಾರಣವಾಯಿತು. ಅದರ ಬಗ್ಗೆ ಮನಸ್ಸಿಗೆ ಒಪ್ಪುವಂಥ ಒಂದು ಸಾಕ್ಷ್ಯಚಿತ್ರವನ್ನು ನಾನಿನ್ನೂ ನೋಡಿಲ್ಲ.

ಆದ್ದರಿಂದ ಇಂಥ ಚಿತ್ರಗಳಿಗೆ ಹಣ ಒದಗಿಸುವವರಲ್ಲಿ ನನ್ನ ವಿನಂತಿ ಇಷ್ಟೆ. ಚಿತ್ರೀಕರಣದ ಒಂದು ಭಾಗವನ್ನಾದರೂ ಮಳೆಗಾಲದಲ್ಲಿ ಇಟ್ಟುಕೊಳ್ಳಲಿ, ಕುವೆಂಪು ವಿಶ್ವವಿದ್ಯಾಲಯದ ಇತಿಹಾಸ ಅಧ್ಯಾಪಕರಿಗೆ ಚಿತ್ರಕಥೆಯನ್ನು ಮೊದಲೇ ತೋರಿಸಲಿ, ಹಳೆಯ ಘಟ್ಟದ ದಾರಿಗಳನ್ನು ಬಲ್ಲ ಊರಿನ ಹಿರಿಯರನ್ನು ಕರೆದುಕೊಂಡು ಕ್ಯಾಮೆರಾದೊಂದಿಗೆ ನಡೆದೇ ಹೋಗಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಉಪನ್ಯಾಸಕ, ಹೊಸನಗರ